13 ವರ್ಷದ ಬೆಕ್ಕು, ಮೊಲೆಯಲ್ಲಿ ಗಂಟು: ಆಪರೇಷನ್ ಮಾಡಿಸಲಾ, ಬೇಡವಾ?

ರೊಟ್ಟಿಮನೆ, ಕಲಬುರಗಿ

ಎಲ್ಲರಿಗೂ ಶರಣು. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಾನು ಬ್ರಹ್ಮಪುರದವಳು. ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಇನ್ನಿಬ್ಬರು ಹೆಣ್ಣುಮಕ್ಕಳು ಜೊತೆಗಿದ್ದಾರೆ. ಬೆಳಿಗ್ಗೆ 5ಕ್ಕೆ ಒಲೆ ಹೊತ್ತಿದರೆ 11ರ ತನಕ ಬಡಿಯುವುದೇ ಬಡಿಯುವುದು. ನಮ್ಮ ಬೆಕ್ಕು ಬೆಲ್ಲಿ ಈ ಸದ್ದಿನಲ್ಲೇ ಬೆಳೆದವಳು. 2012ರ ಮಳೆಗಾಲದಲ್ಲಿ ತೊಗರಿ ಚೀಲದ ಹಿಂದೆ ಒಂದೇ ಒಂದು ಮರಿ ಸಿಕ್ಕಿತ್ತು. ಆಗಷ್ಟೇ ಕಣ್ಣು ಬಿಟ್ಟಿತ್ತು. ತಾಯಿ ವಾಪಸ್ ಬರಲೇ ಇಲ್ಲ. ಬಣ್ಣ ನೋಡಿ ನಮ್ಮ ಅತ್ತೆ ಬೆಲ್ಲಿ ಅಂತ ಕರೆದರು. ಈಗ ಅವಳಿಗೆ 13 ತುಂಬುತ್ತಾ ಬಂತು. ನಾನು ರೊಟ್ಟಿ ಬಡಿಯುವಾಗ ಹಿಟ್ಟಿನ ಡಬ್ಬದ ಮೇಲೆ ಕೂತಿರುತ್ತಾಳೆ. ಸದ್ದು ನಿಂತರೆ ಎದ್ದು ಬಂದು ಏನಾಯಿತು ಅಂತ ನೋಡುತ್ತಾಳೆ.

ಶರಣಬಸವೇಶ್ವರ ಜಾತ್ರೆ ಮುಗಿದ ವಾರ ಅವಳ ಮೈ ಬಾಚುತ್ತಿದ್ದೆ. ಎಡಗಡೆ ಹಿಂಗಾಲಿನ ಹತ್ತಿರದ ಮೊಲೆಯ ಕೆಳಗೆ ಕಡಲೆಕಾಳಿನಷ್ಟು ಗಟ್ಟಿ ಏನೋ ಕೈಗೆ ಸಿಕ್ಕಿತು. ಉಣ್ಣೆ ಹುಳು ಕಚ್ಚಿಕೊಂಡಿರಬಹುದು ಅಂದುಕೊಂಡೆ. ಆಗ ಸೀಸನ್ ಜೋರಾಗಿತ್ತು, ಮದುವೆ ಆರ್ಡರ್‌ಗಳು ಬಂದಿದ್ದವು. ಎರಡು ತಿಂಗಳಲ್ಲಿ ಅದು ಅಡಿಕೆಯಷ್ಟಾಗಿದೆ. ಇಲ್ಲಿನ ಡಾಕ್ಟರ್ ಅಳೆದು 2.5 ಸೆಂ.ಮೀ. ಅಂತ ಬರೆದರು. ಸೂಜಿ ಹಾಕಿ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಕೋಶಗಳು ಕಾಣುತ್ತಿವೆ ಅಂತ ರಿಪೋರ್ಟ್ ಬಂತು. ರಕ್ತದಲ್ಲಿ ಕ್ರಿಯಾಟಿನಿನ್ 2.1 ಇದೆಯಂತೆ, ಕಿಡ್ನಿ ಸ್ವಲ್ಪ ಸೋತಿದೆ ಅಂದರು. ತೂಕ ಹೋದ ವರ್ಷ 3.8 ಕೆ.ಜಿ. ಇತ್ತು, ಈಗ 3.2.

ಹೈದರಾಬಾದ್‌ನ ಒಂದು ಕ್ಲಿನಿಕ್‌ಗೆ ಫೋನ್ ಮಾಡಿದೆ. ಎಡಗಡೆಯ ನಾಲ್ಕೂ ಮೊಲೆ ಸಾಲಾಗಿ ತೆಗೆಯಬೇಕು, 35 ಸಾವಿರ ಆಗುತ್ತದೆ, ಬೇಗ ಬನ್ನಿ ಅಂದರು. ಬೆಂಗಳೂರಿನಲ್ಲಿರುವ ಮಗ, ದುಡ್ಡು ನಾನು ಕೊಡುತ್ತೇನೆ ಮಾಡಿಸವ್ವಾ ಅನ್ನುತ್ತಾನೆ. ನಮ್ಮ ಮನೆಯವರು, ಇದ್ದಷ್ಟು ದಿನ ಸುಖವಾಗಿ ಇರಲಿ ಬಿಡು ಅನ್ನುತ್ತಾರೆ. ಅತ್ತೆ, ಮುಪ್ಪಿನ ಜೀವಕ್ಕೆ ಕತ್ತರಿ ಹಾಕಿಸಬೇಡ ಅಂತ ಒಂದೇ ಮಾತು ಹೇಳಿ ಸುಮ್ಮನಾದರು. ಯಾರ ಮಾತೂ ತಪ್ಪು ಅನ್ನಿಸುವುದಿಲ್ಲ. ಅದಕ್ಕೇ ಎಂಟು ದಿನದಿಂದ ನಿದ್ದೆ ಇಲ್ಲ.

ಅವಳು ಇನ್ನೂ ಉಣ್ಣುತ್ತಾಳೆ. ಬೇಯಿಸಿದ ಕೋಳಿ ಕೊಟ್ಟರೆ ಅರ್ಧ ತಿಂದು ಬಿಡುತ್ತಾಳೆ. ನೀರು ಮೊದಲಿಗಿಂತ ಜಾಸ್ತಿ ಕುಡಿಯುತ್ತಾಳೆ. ಡಬ್ಬದ ಮೇಲೆ ಒಂದೇ ನೆಗೆತಕ್ಕೆ ಹತ್ತುತ್ತಾಳೆ. ನೋವು ಇದ್ದ ಹಾಗೆ ಕಾಣುವುದಿಲ್ಲ. ಇಂಥವಳನ್ನು ಕರೆದುಕೊಂಡು ಹೋಗಿ ಕೊಯ್ಸಿ, ಆಮೇಲೆ ಏಳದೇ ಹೋದರೆ? ಮಾಡಿಸದೇ ಬಿಟ್ಟು ಅದು ಒಡೆದು ರಕ್ತ ಸುರಿದರೆ?

ಇಂಥದ್ದು ಮನೆಯಲ್ಲಿ ಆದವರು, ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಇದ್ದರೆ, ನೀವು ಏನು ಮಾಡಿದಿರಿ, ಆಮೇಲೆ ಏನಾಯಿತು, ಇದ್ದದ್ದು ಇದ್ದ ಹಾಗೆ ಹೇಳಿ.

ಪಶುವೈದ್ಯೆ, ಬೀದರ್

ಅಕ್ಕಾ, ಶರಣು. ನಾನು ಬೀದರ್‌ನಲ್ಲಿ ಪಶುವೈದ್ಯೆ. ಬೆಲ್ಲಿಯನ್ನು ಕೈಮುಟ್ಟಿ ನೋಡದೆ ಮಾಡಿಸಿ ಅಂತಲೋ ಬೇಡ ಅಂತಲೋ ಹೇಳಲಾರೆ. ಆದರೆ ನೀವು ಬರೆದದ್ದರಲ್ಲಿ ಒಂದು ವಿಷಯ ಕಾಣಲಿಲ್ಲ. ಎದೆಯ ಎಕ್ಸ್‌ರೇ ಆಗಿದೆಯಾ? ಆಗಿಲ್ಲ ಅಂದರೆ ನೀವು ಇನ್ನೂ ತೀರ್ಮಾನ ಮಾಡುವ ಜಾಗಕ್ಕೇ ಬಂದಿಲ್ಲ. ಎಂಟು ದಿನ ಸುಮ್ನೆ ನಿದ್ದೆ ಕೆಡಿಸಿಕೊಂಡಿದ್ದೀರಿ.

ಯಾಕೆ ಅಂತ ಹೇಳುತ್ತೇನೆ. ಬೆಕ್ಕಿನ ಮೊಲೆಯ ಗಂಟುಗಳಲ್ಲಿ ನೂರಕ್ಕೆ 80ರಿಂದ 90 ಕ್ಯಾನ್ಸರೇ ಆಗಿರುತ್ತವೆ. ನಾಯಿಗಳಲ್ಲಿ ಅಷ್ಟು ಇಲ್ಲ. ಹೊಟ್ಟೆಯ ಮೇಲಿನ ಗಂಟಿನಿಂದಲೇ ಬೆಕ್ಕು ಸಾಯುವುದು ಕಡಿಮೆ. ಅದು ಕಂಕುಳು ಮತ್ತು ತೊಡೆಸಂದಿನ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್), ಅಲ್ಲಿಂದ ಪುಪ್ಪುಸಕ್ಕೆ, ಅಂದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಪುಪ್ಪುಸಕ್ಕೆ ಹೋಗಿದ್ದರೆ ಹೊಟ್ಟೆ ಕೊಯ್ದು ನಾಲ್ಕು ಮೊಲೆ ತೆಗೆದು ಅವಳಿಗೆ ನೋವು ಕೊಟ್ಟಂತೆ ಅಷ್ಟೇ. ಹೋಗಿಲ್ಲ ಅಂದರೆ ಆಪರೇಷನ್‌ಗೆ ಅರ್ಥ ಇದೆ. ಎಕ್ಸ್‌ರೇ ಒಂದು ತೆಗೆಸಿದರೆ ಸಾಲದು. ಎಡಮಗ್ಗುಲು, ಬಲಮಗ್ಗುಲು, ಬೆನ್ನ ಮೇಲೆ ಮಲಗಿಸಿ, ಹೀಗೆ ಮೂರು ಬೇಕು. ಒಂದು ಮಗ್ಗುಲಿನಲ್ಲಿ ಅಡಗಿದ ಚುಕ್ಕೆ ಇನ್ನೊಂದರಲ್ಲಿ ಕಾಣುತ್ತದೆ. ತೀರಾ ಸಣ್ಣ ಚುಕ್ಕೆ ಮೂರರಲ್ಲೂ ಕಾಣದೇ ಇರಬಹುದು, ಅದೂ ನಿಮಗೆ ಗೊತ್ತಿರಲಿ.

ಗಾತ್ರದ ಮಾತು. 2 ಸೆಂ.ಮೀ. ಒಳಗಿದ್ದಾಗ ತೆಗೆದರೆ ಎಷ್ಟೋ ಬೆಕ್ಕುಗಳು ವರ್ಷಗಟ್ಟಲೆ ಬದುಕುತ್ತವೆ. 3 ದಾಟಿದರೆ ಆಪರೇಷನ್ ಆದರೂ ಸಾಮಾನ್ಯವಾಗಿ ತಿಂಗಳ ಲೆಕ್ಕ. ಬೆಲ್ಲಿಯದು ನಡುವೆ ಇದೆ, ಬೆಳೆಯುತ್ತಲೂ ಇದೆ. ಹಾಗಾಗಿ ಎಕ್ಸ್‌ರೇ ಈ ವಾರವೇ ಆಗಲಿ. ಮಳೆಗಾಲ ಬರಲಿ, ಬಿಸಿಲು ಇಳಿಯಲಿ ಅಂತ ಕಾಯಬೇಡಿ.

ಕ್ರಿಯಾಟಿನಿನ್ 2.1 ಅಂದರೆ ಕಿಡ್ನಿ ಕಾಯಿಲೆಯ ಎರಡನೇ ಹಂತ. 1.6ರಿಂದ 2.8ರ ತನಕ ಆ ಹಂತ. ಅದೊಂದೇ ಕಾರಣಕ್ಕೆ ಆಪರೇಷನ್ ಆಗದು ಅನ್ನುವ ಹಾಗಿಲ್ಲ. ಆದರೆ ಅನಸ್ತೇಷಿಯಾದಲ್ಲಿ, ಅಂದರೆ ಆಪರೇಷನ್‌ಗೆ ಅರಿವು ತಪ್ಪಿಸಿದಾಗ, ರಕ್ತದೊತ್ತಡ ಬಿದ್ದರೆ ಅದೇ ಕಿಡ್ನಿಗೆ ಪೆಟ್ಟು. ಮುಂಚೆಯಿಂದ ಸಲೈನ್, ಆಪರೇಷನ್ ಪೂರ್ತಿ ಬಿಪಿ ನೋಡುವ ಮಷೀನ್, ಈ ಎರಡೂ ಇರುವ ಕಡೆ ಮಾತ್ರ ಮಾಡಿಸಿ. ತೂಕ ಇಳಿದಿದೆ, ಆದ್ದರಿಂದ ಥೈರಾಯ್ಡ್ ಹಾರ್ಮೋನು ಟಿ4 ಕೂಡ ರಕ್ತದಲ್ಲಿ ನೋಡಲು ಹೇಳಿ. ಹೃದಯವನ್ನೂ.

ಮನೆಯಲ್ಲಿ ಇವತ್ತಿನಿಂದ ಒಂದು ಕೆಲಸ ಮಾಡಿ. ಅವಳು ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. 30ರ ಒಳಗೆ ಇರಬೇಕು. ದಿನಾ ಬರೆದಿಡಿ.

ಭೀಮಾ ಕಡೆಯವನು, ಯಾದಗಿರಿ

ತಂಗೀ, ನಾನು ರಿಟೈರ್ ಆದ ರೈಲ್ವೆ ನೌಕರ. ನಮ್ಮ ಮಲ್ಲಿಗೂ ಇದೇ ಆಗಿತ್ತು. ಆಗ ಅವಳಿಗೆ 12 ವರ್ಷ. ಗಂಟು ಒಂದೂವರೆ ಸೆಂ.ಮೀ., ಎದೆ ಎಕ್ಸ್‌ರೇ ಸ್ವಚ್ಛ ಇತ್ತು. ಮಾಡಿಸಿದೆವು. ಹದಿನಾಲ್ಕು ತಿಂಗಳು ನಮ್ಮ ಜೊತೆ ಇದ್ದಳು. ಅದರಲ್ಲಿ ಹದಿಮೂರು ತಿಂಗಳು ಕಾಯಿಲೆ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಪಾರಿವಾಳ ಹಿಡಿದು ಮಾಳಿಗೆಯಿಂದ ಇಳಿಸಿಕೊಂಡು ಬರುತ್ತಿದ್ದಳು. ಕೊನೆಗೆ ಪುಪ್ಪುಸಕ್ಕೇ ಬಂತು. ಉಸಿರು ಹತ್ತಿತು. ಡಾಕ್ಟರ್ ಮನೆಗೆ ಬಂದು ಇಂಜೆಕ್ಷನ್ ಕೊಟ್ಟು ಮಲಗಿಸಿದರು. ನನ್ನ ತೊಡೆ ಮೇಲೆ ಹೋದಳು.

ಆಪರೇಷನ್ ಆದ ಮೊದಲ ಐದು ದಿನ ಹೇಗಿರುತ್ತದೆ ಅಂತ ಯಾರೂ ಮೊದಲೇ ಹೇಳುವುದಿಲ್ಲ. ನಾನು ಹೇಳುತ್ತೇನೆ. ಕಂಕುಳಿನಿಂದ ತೊಡೆತನಕ ಹೊಲಿಗೆ. ನೋಡಿದ ಕೂಡಲೇ ನನ್ನ ಹೆಂಡತಿ ಒಳಗೆ ಹೋಗಿ ಅತ್ತಳು. ಚರ್ಮ ಬಿಗಿದಿರುತ್ತದೆ, ಅದಕ್ಕೆ ಮೊದಲ ದಿನ ಗೂನು ಬೆನ್ನಿನ ಹಾಗೆ ನಡೆಯುತ್ತಾಳೆ. ಹೆದರಬೇಡಿ. ಕುತ್ತಿಗೆಗೆ ಪ್ಲಾಸ್ಟಿಕ್ ಬಟ್ಟಲು ಹಾಕಿದರೆ ನಮ್ಮ ಮಲ್ಲಿ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದಳು, ಉಣ್ಣುತ್ತಿರಲಿಲ್ಲ. ಮೊಮ್ಮಗನ ಹತ್ತಿ ಬನಿಯನ್ ತೆಗೆದುಕೊಂಡು ಕಾಲಿಗೆ ನಾಲ್ಕು ತೂತು ಮಾಡಿ, ಬೆನ್ನ ಮೇಲೆ ಲಾಡಿ ಕಟ್ಟಿದೆವು. ಹೊಲಿಗೆ ನೆಕ್ಕಲು ಆಗಲಿಲ್ಲ, ಅವಳಿಗೂ ಹಿಂಸೆ ಆಗಲಿಲ್ಲ. ದಿನಕ್ಕೆ ಎರಡು ಬನಿಯನ್ ಬೇಕು, ಒಂದು ಒಗೆದು ಒಂದು ಹಾಕಲು.

ಮರಳಿನ ತಟ್ಟೆ ತೆಗೆದು ಹಾಳೆ ಹರಿದು ಹಾಕಿ, ಇಲ್ಲದಿದ್ದರೆ ಧೂಳು ಗಾಯಕ್ಕೆ ಹೋಗುತ್ತದೆ. ಎತ್ತರಕ್ಕೆ ನೆಗೆಯಲು ಬಿಡಬೇಡಿ. ನಿಮ್ಮ ಹಿಟ್ಟಿನ ಡಬ್ಬ ಹತ್ತು ಹದಿನಾಲ್ಕು ದಿನ ಬೇರೆ ಕೋಣೆಯಲ್ಲಿ ಇರಲಿ. ಮೂರನೇ ದಿನ ಒಂದು ಕಡೆ ನೀರು ತುಂಬಿ ಊದಿತ್ತು, ಡಾಕ್ಟರ್ ತೆಗೆದರು.

ನನ್ನನ್ನು ಕೇಳಿದರೆ ಎದೆ ಸ್ವಚ್ಛ ಇದ್ದರೆ ಮಾಡಿಸಿ.

ಜೇವರ್ಗಿ ರೋಡ್ ಹುಡುಗ, ಕಲಬುರಗಿ

ಅಕ್ಕಾ, ಮೇಲಿನ ಕಾಕಾ ಹೇಳಿದ್ದು ಒಳ್ಳೆಯ ಕಥೆ. ನನ್ನದು ಹಾಗಿಲ್ಲ. ಆದರೂ ಹೇಳಬೇಕು ಅನ್ನಿಸಿತು.

ನಮ್ಮ ಬೆಕ್ಕು ಸುಲ್ತಾನನಿಗೆ ಆಗ 15 ವರ್ಷ. ನಾಲಿಗೆ ಕೆಳಗೆ ಹುಣ್ಣಾಯಿತು. ಜೊಲ್ಲು ಸುರಿಯುತ್ತಿತ್ತು. ಹಲ್ಲಿನದು ಅಂದುಕೊಂಡು ಒಂದು ತಿಂಗಳು ಕಳೆದೆವು. ಬಾಯಿ ಕ್ಯಾನ್ಸರ್. ಮೊದಲು ನೋಡಿದ ಡಾಕ್ಟರ್ ನೇರವಾಗಿ ಹೇಳಿದರು, ಈ ಜಾಗದಲ್ಲಿ ಈ ಹಂತದಲ್ಲಿ ಕೊಯ್ದರೂ ಉಪಯೋಗ ಇಲ್ಲ, ನೋವಿಗೆ ಔಷಧಿ ಕೊಡೋಣ ಅಂತ. ನನಗೆ ಆ ಮಾತು ಬೇಡವಾಗಿತ್ತು. ಆಗುತ್ತದೆ ಅನ್ನುವ ಡಾಕ್ಟರ್ ಸಿಗುವ ತನಕ ಹುಡುಕಿದೆ. ಊರು ಬಿಟ್ಟು ಊರಿಗೆ ಹೋದೆ. ಒಬ್ಬರು ಒಪ್ಪಿದರು.

ಇಪ್ಪತ್ತೆರಡು ದಿನ ಬದುಕಿದ. ಕುತ್ತಿಗೆಯಲ್ಲಿ ಟ್ಯೂಬ್, ಅದರಲ್ಲಿ ಊಟ. ಒಂದು ದಿನವೂ ತಾನಾಗಿ ಬಾಯಿ ತೆರೆದು ಉಣ್ಣಲಿಲ್ಲ. ಮೈ ನೆಕ್ಕಿಕೊಳ್ಳಲು ಆಗದೆ ಕೂದಲು ಗಂಟು ಕಟ್ಟಿತು. ಬೆಕ್ಕಿಗೆ ಅದಕ್ಕಿಂತ ಹಿಂಸೆ ಇಲ್ಲ. ನಾನು ದಿನಾ ರಿಪೋರ್ಟ್ ನೋಡಿದೆ, ಅವನ ಮುಖ ನೋಡಲಿಲ್ಲ. ಫೋಟೋ ತೆಗೆದಿದ್ದೆ. ಈಗ ಆ ಫೋಟೋ ನೋಡಿದರೆ ಕಿವಿ ಪಕ್ಕಕ್ಕೆ ಬಿದ್ದಿವೆ, ಕಣ್ಣು ಅರ್ಧ ಮುಚ್ಚಿದೆ, ತಲೆ ಹೆಗಲಿಗಿಂತ ಕೆಳಗಿದೆ. ಇವೆಲ್ಲ ನೋವಿನ ಗುರುತು ಅಂತ ಆಮೇಲೆ ತಿಳಿಯಿತು.

ನಿಮ್ಮ ಬೆಲ್ಲಿಯದು ಬೇರೆ ಜಾಗ, ಬೇರೆ ಕಾಯಿಲೆ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಎಕ್ಸ್‌ರೇಯಲ್ಲಿ ಕೆಟ್ಟದ್ದು ಬಂದರೆ, ಆಗುತ್ತದೆ ಅನ್ನುವವರನ್ನು ಹುಡುಕಿಕೊಂಡು ಹೋಗಬೇಡಿ. ಇಷ್ಟೇ.

ಆಳಂದ ರೈತ

ಅಕ್ಕಾ, ಬೇಜಾರು ಮಾಡಿಕೊಳ್ಳಬೇಡಿ. 35 ಸಾವಿರ ಅಂದರೆ ನಮ್ಮಂಥವರಿಗೆ ದೊಡ್ಡ ಮಾತು. ಮೂರು ವರ್ಷದ ಹಿಂದೆ ನಮ್ಮ ಎತ್ತಿನ ಕಾಲು ಮುರಿದಾಗ ಸಾಲ ಮಾಡಿ ಆಪರೇಷನ್ ಮಾಡಿಸಿದೆ. ಎತ್ತು ಉಳಿಯಲಿಲ್ಲ, ಸಾಲ ಇನ್ನೂ ಇದೆ. ಜೀವದ ಮೇಲೆ ಪ್ರೀತಿ ಇರಬಾರದು ಅಂತ ಹೇಳುತ್ತಿಲ್ಲ. ಎಷ್ಟರ ತನಕ ಅಂತ ಮನೆಯಲ್ಲಿ ಕೂತು ಮೊದಲೇ ಮಾತಾಡಿಕೊಳ್ಳಿ. ಆಸ್ಪತ್ರೆ ಬಾಗಿಲಲ್ಲಿ ನಿಂತಾಗ ಯಾರಿಗೂ ಬೇಡ ಅನ್ನಲು ಬಾಯಿ ಬರುವುದಿಲ್ಲ.

ರೊಟ್ಟಿಮನೆ, ಕಲಬುರಗಿ

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಮೂರು ದಿನ ಬರೆಯಲು ಆಗಲಿಲ್ಲ.

ಆಳಂದದ ಅಣ್ಣಾ, ಬೇಜಾರಿಲ್ಲ. ನೀವು ಹೇಳಿದ ಮೇಲೆ ಅವತ್ತೇ ರಾತ್ರಿ ಊಟಕ್ಕೆ ಕೂತಾಗ ಈ ಮಾತು ತೆಗೆದೆ. ಸಂಘದ ಉಳಿತಾಯದಲ್ಲಿ ನನ್ನ ಹೆಸರಿನಲ್ಲಿ 30 ಸಾವಿರ ಇದೆ. ಅಷ್ಟೇ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ ಅಂತ ಆಯಿತು. ಮಗನ ದುಡ್ಡು ಬೇಡ ಅಂದೆ. ಅವನ ಮದುವೆ ಇದೆ ಮುಂದಿನ ವರ್ಷ.

ಎಕ್ಸ್‌ರೇ ಆಯಿತು, ಮೂರು ಕೋನದಲ್ಲೂ. ಚುಕ್ಕೆ ಕಾಣುತ್ತಿಲ್ಲ ಅಂದರು. ತೊಡೆಸಂದಿನ ಗ್ರಂಥಿ ಒಂದು ಸ್ವಲ್ಪ ದಪ್ಪ ಅನ್ನಿಸುತ್ತದೆ, ಆಪರೇಷನ್‌ನಲ್ಲಿ ಅದನ್ನೂ ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದರು. ಥೈರಾಯ್ಡ್ ಸರಿ ಇದೆ. ಹೃದಯ ಸರಿ ಇದೆ. ಉಸಿರು ಎಣಿಸುತ್ತಿದ್ದೇನೆ: 22, 24, 22. ರಾತ್ರಿ 2 ಗಂಟೆಗೆ ಎದ್ದು ಮೊಬೈಲ್ ಬೆಳಕಿನಲ್ಲಿ ಎಣಿಸುತ್ತೇನೆ. ಒಂದು ರಾತ್ರಿ ಎಣಿಸುತ್ತಾ ಕೂತಿದ್ದೆ, ಅತ್ತೆಯೂ ಎದ್ದು ಬಂದು ಪಕ್ಕ ಕೂತರು. ಎಷ್ಟು ಅಂತ ಕೇಳಿದರು. ಇಪ್ಪತ್ತೆರಡು ಅಂದೆ. ಆಯಿತು ಮಲಗು ಅಂದರು.

ಒಂದು ಮಾತು ಮೊದಲು ಬರೆದಿರಲಿಲ್ಲ. ನಾಚಿಕೆ ಆಗಿತ್ತು. ಬೆಲ್ಲಿ ಮೂರು ಸಲ ಮರಿ ಹಾಕಿದಳು. ಆಮೇಲೆ ಬೆದೆಗೆ ಬಂದು ರಾತ್ರಿಯೆಲ್ಲ ಕೂಗುತ್ತಾಳೆ ಅಂತ ಓಣಿಯವರು ಜಗಳ ತೆಗೆದರು. ಒಬ್ಬರು ಬೆದೆ ನಿಲ್ಲುವ ಇಂಜೆಕ್ಷನ್ ಕೊಟ್ಟರು. ಸುಲಭ, ಆಪರೇಷನ್ ಬೇಕಿಲ್ಲ ಅಂದರು. ನಾಲ್ಕು ವರ್ಷ ಹಾಕಿಸಿದೆ, ವರ್ಷಕ್ಕೆ ಎರಡು ಮೂರು ಸಲ. ಈಗ ಡಾಕ್ಟರ್ ಆ ವಿಷಯ ಕೇಳಿದಾಗ ಮುಖ ಸಪ್ಪೆ ಮಾಡಿದರು. ಮೇಡಂ, ಈ ಗಂಟು ನನ್ನಿಂದಲೇ ಬಂತಾ? ನಿಜ ಹೇಳಿ.

ಪಶುವೈದ್ಯೆ, ಬೀದರ್

ಅಕ್ಕಾ, ನಿಜ ಕೇಳಿದ್ದೀರಿ, ನಿಜವನ್ನೇ ಹೇಳುತ್ತೇನೆ. ಆ ಇಂಜೆಕ್ಷನ್‌ನಲ್ಲಿ ಇರುವುದು ಪ್ರೊಜೆಸ್ಟೆರಾನ್ ತರಹದ ಹಾರ್ಮೋನು. ಅದನ್ನು ಮತ್ತೆ ಮತ್ತೆ ಪಡೆದ ಬೆಕ್ಕುಗಳಲ್ಲಿ ಮೊಲೆಯ ಕ್ಯಾನ್ಸರ್ ಸುಮಾರು ಮೂರು ಪಟ್ಟು ಜಾಸ್ತಿ. ಆದರೆ ಇಂಜೆಕ್ಷನ್ ಒಂದನ್ನೂ ಪಡೆಯದ, ಸಂತಾನಹರಣ ಆಪರೇಷನ್ ಆಗದ ಹೆಣ್ಣು ಬೆಕ್ಕುಗಳಿಗೂ ಇದು ಬರುತ್ತದೆ. ಬೆಲ್ಲಿಗೆ ಇದರಿಂದಲೇ ಬಂತು ಅಂತ ಯಾರೂ ಬೆರಳಿಟ್ಟು ತೋರಿಸಲಾರರು. ನಿಮಗೆ ಹೇಳಬೇಕಾದವರು ಹೇಳಲಿಲ್ಲ. ನೀವು ಓಣಿಯ ಜಗಳದ ನಡುವೆ ಅವಳನ್ನು ಮನೆಯಿಂದ ಆಚೆ ಹಾಕದೆ ಇಟ್ಟುಕೊಂಡಿರಿ. ಎಷ್ಟೋ ಮನೆಯವರು ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುತ್ತಾರೆ, ದಿನಾ ನೋಡುತ್ತೇನೆ.

ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ. ಹೆಣ್ಣು ಮರಿಗೆ ಆರು ತಿಂಗಳ ಒಳಗೆ ಸಂತಾನಹರಣ ಆಪರೇಷನ್ ಮಾಡಿಸಿದರೆ ಮೊಲೆಯ ಕ್ಯಾನ್ಸರ್‌ನ ಅಪಾಯ ನೂರಕ್ಕೆ 91ರಷ್ಟು ಇಳಿಯುತ್ತದೆ. ವರ್ಷದ ಒಳಗಾದರೆ 86. ಎರಡು ವರ್ಷ ದಾಟಿದ ಮೇಲೆ ಈ ಲಾಭ ಸಿಗುವುದಿಲ್ಲ. ಬೆದೆ ನಿಲ್ಲಿಸಲು ಇಂಜೆಕ್ಷನ್ ಹಾಕಿಸಬೇಡಿ, ಯಾರು ಸುಲಭ ಅಂದರೂ ಸರಿ.

ಈಗ ಬೆಲ್ಲಿಯ ಮಾತಿಗೆ ಬರೋಣ. ಎದೆ ಸ್ವಚ್ಛ, ಹೃದಯ ಸರಿ, ಉಣ್ಣುತ್ತಾಳೆ, ನೆಗೆಯುತ್ತಾಳೆ. ಕಿಡ್ನಿ ಎರಡನೇ ಹಂತ. ನನ್ನ ಮೇಜಿನ ಮುಂದೆ ಇಂಥ ಬೆಕ್ಕು ಬಂದರೆ ನಾನು ಆಪರೇಷನ್ ಕಡೆಗೆ ವಾಲುತ್ತೇನೆ. ಎಡಸಾಲು ಪೂರ್ತಿ ತೆಗೆಯಬೇಕು. ಗಂಟು ಮಾತ್ರ ಚಿವುಟಿ ತೆಗೆದರೆ ಅದೇ ಸಾಲಿನಲ್ಲಿ ಮತ್ತೆ ಬರುತ್ತದೆ. ಎರಡೂ ಕಡೆ ಒಂದೇ ಸಲ ಬೇಡ, ಈ ವಯಸ್ಸಿಗೆ ಅದು ಭಾರ.

ಏಳದೇ ಹೋದರೆ ಅಂತ ಕೇಳಿದ್ದಿರಿ. ಬ್ರಿಟನ್‌ನ ಒಂದು ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಆರೋಗ್ಯವಾಗಿದ್ದ ಬೆಕ್ಕುಗಳಲ್ಲಿ ಅನಸ್ತೇಷಿಯಾದಿಂದ ಸತ್ತವು ಸಾವಿರಕ್ಕೆ ಒಂದರಷ್ಟು. ಕಾಯಿಲೆ ಇದ್ದವುಗಳಲ್ಲಿ ಸಾವಿರಕ್ಕೆ 14. ಅಲ್ಲಿನ ಸೌಲಭ್ಯ, ನಮ್ಮ ಸೌಲಭ್ಯ ಒಂದೇ ಅಲ್ಲ. ಆದರೆ ಆ ಅಧ್ಯಯನದ ಒಂದು ವಿಷಯ ನಮಗೂ ಮುಖ್ಯ. ಸಾವು ಜಾಸ್ತಿ ಆದದ್ದು ಟೇಬಲ್ ಮೇಲಲ್ಲ, ಆಪರೇಷನ್ ಮುಗಿದ ಮೇಲೆ. ಅದರಲ್ಲೂ ಮೊದಲ ಮೂರು ಗಂಟೆಯಲ್ಲಿ. ಎಲ್ಲರೂ ಮುಗಿಯಿತು ಅಂತ ಕೈ ತೊಳೆದು ಚಹಾಕ್ಕೆ ಹೋಗುವ ಹೊತ್ತು ಅದು. ಆ ಮೂರು ಗಂಟೆ ಬೆಲ್ಲಿಯ ಪಕ್ಕದಲ್ಲಿ ಯಾರು ಇರುತ್ತಾರೆ, ಮೈ ಬಿಸಿ ಯಾರು ನೋಡುತ್ತಾರೆ ಅಂತ ಆಪರೇಷನ್ ಮಾಡುವವರನ್ನು ಮೊದಲೇ ಕೇಳಿ. ಹೊರಗೆ 43 ಡಿಗ್ರಿ ಇದ್ದರೂ ಅನಸ್ತೇಷಿಯಾದಲ್ಲಿ ಬೆಕ್ಕಿನ ಮೈ ತಣ್ಣಗಾಗುತ್ತದೆ.

ಇನ್ನೊಂದು ಕೈಮುಗಿದು ಹೇಳುತ್ತೇನೆ. ಮನೆಯಲ್ಲಿ ಯಾರೂ ನೋವಿಗೆ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ. ಕ್ರೋಸಿನ್, ಡೋಲೋ, ಯಾವುದೂ. ಅರ್ಧ ಮಾತ್ರೆ ಸಾಕು ಬೆಕ್ಕನ್ನು ಕೊಲ್ಲಲು. ಡಾಕ್ಟರ್ ನೋವಿಗೆ ಕೊಡುವ ಮೆಲಾಕ್ಸಿಕಾಮ್ ಕೂಡ ಅವಳ ಕಿಡ್ನಿ ನೋಡಿ, ಯೋಚಿಸಿ ಕೊಡಬೇಕಾದ ಔಷಧಿ. ಬುಪ್ರೆನಾರ್ಫಿನ್ ಅನ್ನುವ ನೋವಿನ ಔಷಧಿ ಇದೆಯಾ ಅಂತ ಕೇಳಿ, ಬೆಕ್ಕಿಗೆ ಅದು ಚೆನ್ನಾಗಿ ಹಿಡಿಯುತ್ತದೆ.

ಜೇವರ್ಗಿ ರೋಡ್ ಹುಡುಗ, ಕಲಬುರಗಿ

ಎದೆ ಸ್ವಚ್ಛ ಅಂತ ಓದಿ ತುಂಬಾ ಖುಷಿ ಆಯಿತು ಅಕ್ಕಾ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬಾಸ್ ಅಂತ ಒಬ್ಬರು ಒಂದು ಅಳತೆ ಮಾಡಿದ್ದಾರೆ. ನೋವು, ಹಸಿವು, ನೀರು, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿಯಾ ಅನ್ನುವುದು, ಹೀಗೆ ಏಳು. ಒಂದೊಂದಕ್ಕೆ 10ರಲ್ಲಿ ಅಂಕ. ಒಟ್ಟು 35 ದಾಟಿದರೆ ಬದುಕು ನಡೆಯುತ್ತಿದೆ ಅಂತ ಲೆಕ್ಕ. ನನ್ನ ಸುಲ್ತಾನನಿಗೆ ಆಮೇಲೆ ಕೂತು ಹಾಕಿದೆ, ಆಪರೇಷನ್ ಮುಂಚೆಯೇ 20 ಇರಲಿಲ್ಲ. ಬೆಲ್ಲಿಗೆ ಈಗಲೇ ಹಾಕಿ ಇಟ್ಟುಕೊಳ್ಳಿ. ಆಪರೇಷನ್ ಆದ ಮೇಲೂ ವಾರಕ್ಕೊಮ್ಮೆ ಹಾಕಿ.

ರೊಟ್ಟಿಮನೆ, ಕಲಬುರಗಿ

ನಿನ್ನೆ ಕೆಲಸ ಮುಗಿದ ಮೇಲೆ ಹಾಕಿದೆವು ತಮ್ಮಾ. ಮನೆಯವರು ಒಂದು ಹಾಳೆಯಲ್ಲಿ, ನಾನು ಒಂದು ಹಾಳೆಯಲ್ಲಿ, ಒಬ್ಬರದು ಒಬ್ಬರು ನೋಡದ ಹಾಗೆ. ನನ್ನದು 57, ಅವರದು 59. ಬಿಡು ಅಂದವರೇ ನನಗಿಂತ ಜಾಸ್ತಿ ಕೊಟ್ಟಿದ್ದರು. ಅವರೇ ಆ ಹಾಳೆ ನೋಡುತ್ತಾ, ಇಷ್ಟು ಚೆನ್ನಾಗಿರುವವಳನ್ನು ಗಂಟು ಒಡೆಯುವ ತನಕ ಕಾಯಿಸುವುದು ಸರಿಯಲ್ಲ ಅಲ್ವಾ ಅಂದರು. ಅವರ ಹೆದರಿಕೆ ಏನಿತ್ತು ಅಂದರೆ, ಅವರ ತಂದೆಗೆ ಕೊನೆಯಲ್ಲಿ ಆಪರೇಷನ್ ಮೇಲೆ ಆಪರೇಷನ್ ಆಗಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಮನೆಗೆ ಕರೆದುಕೊಂಡು ಹೋಗಿ ಅಂತ ಕೇಳುತ್ತಿದ್ದರಂತೆ. ನನಗೆ ಈ ಮಾತು ಮದುವೆಯಾಗಿ ಇಷ್ಟು ವರ್ಷಕ್ಕೆ ನಿನ್ನೆ ಗೊತ್ತಾಯಿತು.

ಮಾಡಿಸುತ್ತೇವೆ. ಹೈದರಾಬಾದ್ ಬೇಡ, ಬೀದರ್ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ ತೋರಿಸಿದೆವು. ಮೂರು ಗಂಟೆಯ ಮಾತು ಕೇಳಿದೆ. ಒಬ್ಬರು ಪಕ್ಕದಲ್ಲೇ ಇರುತ್ತಾರೆ, ನೀವೂ ಕೂರಬಹುದು ಅಂದರು. ಮಂಗಳವಾರಕ್ಕೆ ದಿನ ಕೊಟ್ಟಿದ್ದಾರೆ. ನಮ್ಮ ಲೆಕ್ಕದ ಒಳಗೇ ಆಗುತ್ತದೆ.

ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೇನೆ, ಡಾಕ್ಟರ್ ಕೈಗೆ ಕೊಡುತ್ತೇನೆ. ಎಡಗಡೆ ಮಾತ್ರ. ನಡುವೆ ಬಿಪಿ ಬಿದ್ದು ಏರದಿದ್ದರೆ ಅಲ್ಲಿಗೇ ನಿಲ್ಲಿಸಿ ಹೊಲಿಗೆ ಹಾಕಿ. ಬಯಾಪ್ಸಿಯಲ್ಲಿ ಏನೇ ಬರಲಿ, ಕೀಮೋ ಬೇಡ. ಅದಕ್ಕೆ ಹಾಕುವ ಔಷಧಿ ಬೆಕ್ಕಿನ ಕಿಡ್ನಿಗೆ ಪೆಟ್ಟು ಅಂತ ಇಲ್ಲಿನ ಡಾಕ್ಟರ್ ಹೇಳಿದರು, ಅವಳ ಕಿಡ್ನಿ ಮೊದಲೇ ಸೋತಿದೆ. ಮುಂದೆ ಉಸಿರು 30 ದಾಟಿ ಇಳಿಯದೇ ಹೋದ ದಿನ ಅವಳನ್ನು ಮತ್ತೆ ಎಲ್ಲಿಗೂ ಕರೆದೊಯ್ಯುವುದಿಲ್ಲ. ಮನೆಗೆ ಬಂದು ಮಲಗಿಸುವ ಡಾಕ್ಟರ್ ಹತ್ತಿರ ಈಗಲೇ ಮಾತಾಡಿದ್ದೇನೆ. ಆ ಫೋನ್ ಮಾಡುವಾಗ ಕೈ ನಡುಗಿತು. ಆದರೆ ಅದನ್ನು ಮಾಡಿದ ಮೇಲೇ ನನಗೆ ಆಪರೇಷನ್‌ಗೆ ಹೂಂ ಅನ್ನಲು ಧೈರ್ಯ ಬಂದದ್ದು.

ಅತ್ತೆ ಇನ್ನೂ ಒಪ್ಪಿಲ್ಲ. ಒಪ್ಪಿಸಲು ಹೋಗಿಲ್ಲ. ಇವತ್ತು ಬೆಳಿಗ್ಗೆ ತಮ್ಮ ಹಳೆಯ ಇಳಕಲ್ ಸೀರೆ ಮಡಚಿ ಬೆಲ್ಲಿಯ ಬುಟ್ಟಿಯಲ್ಲಿ ಹಾಸಿದ್ದರು.

ಎದುರುಮನೆ ಹುಡುಗಿಯ ಹತ್ತಿರ ಐದು ತಿಂಗಳ ಹೆಣ್ಣು ಮರಿ ಇದೆ. ಅವಳ ತಾಯಿಗೆ ಎಲ್ಲ ಹೇಳಿದೆ. ಮುಂದಿನ ವಾರ ಆ ಮರಿಗೆ ಆಪರೇಷನ್ ಮಾಡಿಸುತ್ತಾರೆ.

ಮೇಡಂ, ಬಿಸಿಲಿನಲ್ಲಿ ಹೇಗೆ ಕರೆತರಲಿ? ಊಟ ಯಾವಾಗ ನಿಲ್ಲಿಸಲಿ?

ಪಶುವೈದ್ಯೆ, ಬೀದರ್

ಬೆಳಿಗ್ಗೆ 4:30ಕ್ಕೆ ಹೊರಡಿ ಅಕ್ಕಾ. ಕಮಲಾಪುರ, ಹುಮನಾಬಾದ್ ದಾಟಿ ಬಿಸಿಲು ಏರುವ ಮೊದಲೇ ಬೀದರ್ ಸೇರುತ್ತೀರಿ. ಬುಟ್ಟಿಯ ಮೇಲೆ ತೆಳ್ಳನೆ ಒದ್ದೆ ಬಟ್ಟೆ, ಗಾಳಿ ಆಡಲು ಜಾಗ ಬಿಟ್ಟು. ಊಟ ಹಿಂದಿನ ರಾತ್ರಿ 11ಕ್ಕೆ ಕೊನೆ. ನೀರು ನಿಲ್ಲಿಸಬೇಡಿ, ಹೊರಡುವ ತನಕ ಇರಲಿ. ಕಿಡ್ನಿ ಇರುವ ಬೆಕ್ಕನ್ನು ಒಣಗಿಸಬಾರದು. ದಾರಿಯ ಗಾಬರಿಗೆ ಗಾಬಾಪೆಂಟಿನ್ ಕೊಡಬಹುದಾ ಅಂತ ಅಲ್ಲಿನ ಡಾಕ್ಟರನ್ನೇ ಕೇಳಿ, ಅವಳ ಕಿಡ್ನಿಗೆ ಎಷ್ಟು ಅಂತ ಅವರೇ ಹೇಳಬೇಕು.

ವಾಪಸ್ ಬರುವುದು ಸಂಜೆ 7ರ ಮೇಲೆ, ಅಥವಾ ಒಂದು ರಾತ್ರಿ ಅಲ್ಲೇ ಉಳಿಯಿರಿ. ಮನೆಗೆ ಬಂದ ಮೇಲೆ ಒಂದು ದಿನ ಉಣ್ಣದಿದ್ದರೆ ಫೋನ್ ಮಾಡಿ, ಎರಡು ದಿನ ಕಾಯಬೇಡಿ. ಬೆಕ್ಕು ಉಪವಾಸ ಬಿದ್ದರೆ ಲಿವರ್‌ಗೆ ಕೊಬ್ಬು ಇಳಿಯುತ್ತದೆ.

ಮಂಗಳವಾರ ಬೆಳಿಗ್ಗೆ ನನಗೆ ಬೇರೆ ಕೆಲಸ ಇಲ್ಲ. ನಾನು ಓದಿದ ಕಾಲೇಜು ಅದು. ಗೇಟಿನ ಹತ್ತಿರ ಇರುತ್ತೇನೆ.

ಭೀಮಾ ಕಡೆಯವನು, ಯಾದಗಿರಿ

ತಂಗೀ, ಬನಿಯನ್ ಹೊಲಿಯಲು ಕೂರಬೇಡ. ಮಲ್ಲಿಯವು ನಾಲ್ಕು ಇದ್ದವು, ಹೆಂಡತಿ ಎಸೆದಿರಲಿಲ್ಲ. ಒಗೆದು ಇಸ್ತ್ರಿ ಮಾಡಿ ಕಟ್ಟಿಟ್ಟಿದ್ದೇವೆ. ಸೋಮವಾರ ನನ್ನ ಅಳಿಯ ಕೆಲಸದ ಮೇಲೆ ಕಲಬುರಗಿಗೆ ಬರುತ್ತಾನೆ. ಸ್ಟೇಷನ್ ಹತ್ತಿರ ಯಾರನ್ನಾದರೂ ಕಳಿಸು.

ರೊಟ್ಟಿಮನೆ, ಕಲಬುರಗಿ

ಮನೆಯವರು ಬರುತ್ತಾರೆ ಅಣ್ಣಾ. ಅಳಿಯಂದಿರು ಎಷ್ಟು ಗಂಟೆಯ ಗಾಡಿಗೆ ಇಳಿಯುತ್ತಾರೆ ಹೇಳಿ. ಮನೆಗೆ ಕರೆದುಕೊಂಡು ಬರಲಿ, ಬಿಸಿ ರೊಟ್ಟಿ, ಪುಂಡಿಪಲ್ಲೆ ಮಾಡಿರುತ್ತೇನೆ. ಅಕ್ಕನವರಿಗೆ ನಾಲ್ಕು ಕಟ್ಟಿ ಕಳಿಸುತ್ತೇನೆ.